ಕೊರತೆ ಎಂಬ ಮಾತು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾವು ಭಾಷಣ ಮಾಡುವವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಎರಡು ಮಾತು ಆಡಲೇಬೇಕು ಅಂತ ಅಧ್ಯಕ್ಷರು ಹೇಳಿದ್ದಕ್ಕೆ ನಿಂತಿದ್ದೇವೆ. ಕಳೆದ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಲೆಕ್ಕ ಓದುವಾಗ 'ಕೊರತೆ' ಅಂದ ಕೂಡಲೆ ಹಿಂದಿನಿಂದ ಹಿರಿಯರೊಬ್ಬರು, "ಕೊರತೆ ಅಂದ್ರೆ ಎಂತದು ಮಾರಾಯ್ರೆ? ನಷ್ಟವಾ, ಯಾರಾದ್ರೂ ತಿಂದದ್ದಾ?" ಅಂತ ಕೇಳಿದರು. ಎಲ್ಲರೂ ನಕ್ಕೆವು. ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಅದಕ್ಕೇ ಇವತ್ತು ಆ ಮಾತನ್ನೇ ತೆಗೆದುಕೊಂಡಿದ್ದೇವೆ.

ದಿನಾ ಆಡುವ ಮಾತೇ ಇದು. ಮದುವೆ ಮನೆಯಿಂದ ಬಂದವರು "ಊಟಕ್ಕೆ ಎಂತದೂ ಕೊರತೆ ಆಗ್ಲಿಲ್ಲ" ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಕುಂದುಕೊರತೆ ಸಭೆ. ಪೇಪರಿನವರಿಗೆ ಖೋತಾ, ಪೇಟೆಯವರಿಗೆ ಶಾರ್ಟೇಜ್. ಕೊನೆ ಕೊಯ್ಲಿನ ಕಾಲಕ್ಕೆ ಆಳಿನ ಅಭಾವ. ಒಂದರ ಬದಲಿಗೆ ಒಂದು ಆಡುತ್ತೇವೆ, ಆದರೆ ಎಲ್ಲದರ ಅರ್ಥ ಒಂದೇ ಅಲ್ಲ. ಕೊರತೆ ಅನ್ನಬೇಕಾದರೆ ಎರಡು ಲೆಕ್ಕ ಬೇಕು. ಇರಬೇಕಾದ್ದು ಎಷ್ಟು, ಇರೋದು ಎಷ್ಟು. ನಡುವಿನ ವ್ಯತ್ಯಾಸ ಕೊರತೆ. ಹಾಕಿದ ದುಡ್ಡು ಹಿಂದಕ್ಕೆ ಬಾರದಿದ್ದರೆ ಅದು ನಷ್ಟ. ಕೊಡಬೇಕಾದ್ದು ಬಾಕಿ, ವಾಯಿದೆ ಮೀರಿದ ಬಾಕಿ ಸುಸ್ತಿ. ಸುಸ್ತಿಯ ಅರ್ಥ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ; ಕೊಳೆರೋಗ ಬಂದ ಒಂದು ವರ್ಷ ನಮ್ಮ ಹೆಸರೂ ಆ ಪಟ್ಟಿಯಲ್ಲಿತ್ತು. ಇನ್ನು ಸುಲಿದ ಹಸಿ ಅಡಿಕೆ ಬೇಯಿಸಿ ಒಣಗಿಸಿದರೆ ತೂಕ ಇಳಿಯುತ್ತದೆ. ಅದನ್ನು ಯಾರೂ ಕೊರತೆ ಅನ್ನುವುದಿಲ್ಲ, ಇಳಿಯುತ್ತದೆ ಅಂತ ಮೊದಲೇ ಗೊತ್ತಲ್ಲ!

ಮಳೆಯ ವಿಷಯಕ್ಕೆ ಬನ್ನಿ. ಹವಾಮಾನ ಇಲಾಖೆಯವರು ವಾಡಿಕೆಗಿಂತ ಶೇಕಡಾ 19ರವರೆಗೆ ಕಡಿಮೆ ಬಂದರೂ ಅದನ್ನು ವಾಡಿಕೆ ಮಳೆ ಎಂದೇ ಬರೆಯುತ್ತಾರೆ. 20 ಮುಟ್ಟಿದ ಮೇಲೆ ಕೊರತೆ, 60 ಮುಟ್ಟಿದರೆ ತೀವ್ರ ಕೊರತೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಅಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆಯಾದರೂ ಬಯಲುಸೀಮೆಯ ಚಳ್ಳಕೆರೆಗೆ ಬೀಳುವ ಮಳೆಯ ಎಷ್ಟೋ ಪಟ್ಟು ಆಗುತ್ತದೆ. ಹಾಗಂತ ನಮಗೆ ಕೊರತೆ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಗದ್ದೆ, ತೋಟ, ಬಾವಿ ಎಲ್ಲ ಈ ಮಳೆಯನ್ನೇ ನಂಬಿ ಆದದ್ದು. ಅವರ ಅಳತೆಯಲ್ಲಿ ನಮ್ಮನ್ನು ಅಳೆಯಬಾರದು, ನಮ್ಮ ಅಳತೆಯಲ್ಲಿ ಅವರನ್ನೂ ಅಳೆಯಬಾರದು. ಲಿಂಗನಮಕ್ಕಿ ನೀರನ್ನೂ ಹಾಗೇ, 1,819 ಅಡಿ ತುಂಬಬೇಕು ಅಂತ ಇಟ್ಟುಕೊಂಡು ಎಷ್ಟು ಅಡಿ ಕೊರತೆ ಅಂತ ಪೇಪರಿನಲ್ಲಿ ಹಾಕುತ್ತಾರೆ. (ಆ ನೀರಿನ ಅಡಿಯಲ್ಲಿರುವ ಊರುಗಳ ಕೊರತೆಯನ್ನು ಯಾವ ಪೇಪರಿನಲ್ಲೂ ಅಡಿ ಲೆಕ್ಕದಲ್ಲಿ ಹಾಕಿದ್ದು ನಾವು ನೋಡಿಲ್ಲ.)

'ಇರಬೇಕಾದ್ದು' ಎಷ್ಟು ಅಂತ ಗೊತ್ತುಮಾಡುವುದೇ ಕಷ್ಟದ ಕೆಲಸ. ಈ ಸೀಮೆ ಆಳಿದ ಶಿವಪ್ಪ ನಾಯಕರು ಅದನ್ನು ಸುಮ್ಮನೆ ಊಹೆಯ ಮೇಲೆ ಮಾಡಲಿಲ್ಲ. ಊರೂರಲ್ಲಿ ಬಗೆಬಗೆಯ ಭೂಮಿ ಆರಿಸಿ, ಹನ್ನೆರಡು ವರ್ಷ ತಾವೇ ಬೇಸಾಯ ಮಾಡಿಸಿ, ಬೀಜ, ಖರ್ಚು, ಹುಟ್ಟುವಳಿ ಬರೆಸಿ, ಸರಾಸರಿ ತೆಗೆದು ಕಂದಾಯ ಕಟ್ಟಿದರು ಅಂತ ಹೇಳುತ್ತಾರೆ. ಅದೇ ಶಿವಪ್ಪ ನಾಯಕರ ಶಿಸ್ತು. ಹನ್ನೆರಡು ವರ್ಷ ಅಂದ ಮೇಲೆ ಒಳ್ಳೆ ಬೆಳೆಯ ವರ್ಷವೂ ಬಂತು, ಹಾಳು ವರ್ಷವೂ ಬಂತು. ನಾವೋ, ಅಡಿಕೆ ರೇಟು ಏರಿದ ಒಂದು ವರ್ಷವನ್ನು ತಲೆಯಲ್ಲಿಟ್ಟುಕೊಂಡು ಮುಂದಿನ ಹತ್ತು ವರ್ಷವೂ ಕೊರತೆ ಕೊರತೆ ಅಂತ ಗೋಳಾಡುತ್ತೇವೆ.

ಸರ್ಕಾರದ ಬಜೆಟ್ಟಿನಲ್ಲೂ ಎರಡು ಕೊರತೆ ಬರುತ್ತವೆ. ವರ್ಷದ ಉತ್ಪನ್ನ ದಿನದ ಖರ್ಚಿಗೇ ಸಾಲದಿದ್ದರೆ ರಾಜಸ್ವ ಕೊರತೆ. ಎಲ್ಲ ಸೇರಿ ಆ ವರ್ಷ ಎಷ್ಟು ಸಾಲ ತರಬೇಕೋ ಅದು ವಿತ್ತೀಯ ಕೊರತೆ. ಅಕ್ಕಿಗೆ ಸಾಲ ಮಾಡುವುದಕ್ಕೂ ಹೊಸ ತೋಟಕ್ಕೆ ಸಾಲ ಮಾಡುವುದಕ್ಕೂ ಇರುವ ವ್ಯತ್ಯಾಸ ಹೆಂಗಸರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಾಲ ಮಿತಿ ಮೀರಬಾರದು ಅಂತ ನಮ್ಮ ರಾಜ್ಯ 2002ರಲ್ಲೇ ಒಂದು ಕಾಯ್ದೆ ಮಾಡಿಕೊಂಡಿದೆ.

ಈಗ ಹೇಳಲೇಬೇಕಾದ ಸಂಗತಿ. ಹಳಬರಿಗೆ ನೆನಪಿರಬಹುದು. ಸಂಘದ ಮೊದಮೊದಲ ವರ್ಷಗಳಲ್ಲಿ ಒಮ್ಮೆ ಆಡಿಟ್‌ನಲ್ಲಿ ಗೊಬ್ಬರದ ದಾಸ್ತಾನು 17 ಚೀಲ ಕೊರತೆ ಅಂತ ಬಂತು. ಆಡಿಟರು ಬರೆದದ್ದು ಕೊರತೆ ಅಂತ ಮಾತ್ರ. ಊರು ಓದಿಕೊಂಡದ್ದು 'ಗುಮಾಸ್ತ ತಿಂದ' ಅಂತ. ಅವರ ಮನೆಯ ಹುಡುಗರನ್ನು ಶಾಲೆಯಲ್ಲಿ ಗೊಬ್ಬರದ ಚೀಲ ಅಂತ ಕರೆದರು. ಅವರು ಕೆಲಸ ಬಿಟ್ಟರು. ಎರಡು ತಿಂಗಳ ಮೇಲೆ ಗೋದಾಮು ಖಾಲಿ ಮಾಡಿದಾಗ ಗೋಡೆ ಬದಿಯಲ್ಲಿ ಸೋರಿದ ನೀರಿಗೆ ಕರಗಿ ಗಟ್ಟಿಯಾದ ಚೀಲ ಒಂಬತ್ತು ಸಿಕ್ಕವು. ಉಳಿದ ಎಂಟು ಚೀಲ ಉದ್ರಿ ಕೊಟ್ಟಿದ್ದು, ಚೀಟಿ ಇತ್ತು, ಪುಸ್ತಕಕ್ಕೆ ಹತ್ತಿರಲಿಲ್ಲ. ಅದರಲ್ಲಿ ಎರಡು ಚೀಲ ನಮ್ಮ ಮನೆಗೇ ಬಂದಿತ್ತು. ನಮಗೆ ಗೊತ್ತಿತ್ತು. ಸಭೆಯಲ್ಲಿ ಊರೆಲ್ಲ ಮಾತಾಡುವಾಗ ನಾವು ಬಾಯಿ ಬಿಡಲಿಲ್ಲ. ಉದ್ರಿ ತಂದ ವಿಷಯ ಹೊರಗೆ ಬರುತ್ತದೆ ಅನ್ನುವ ನಾಚಿಕೆ, ಮತ್ತೇನಿಲ್ಲ. ಆ ಲೆಕ್ಕ ಸರಿಯಾದದ್ದನ್ನು ಯಾರೂ ಮೈಕಿನಲ್ಲಿ ಹೇಳಲೂ ಇಲ್ಲ.

ಈಗ ಮೂರು ತಿಂಗಳಿಗೊಮ್ಮೆ ಇಬ್ಬರು ನಿರ್ದೇಶಕರು ಗೋದಾಮಿಗೆ ಹೋಗಿ ಚೀಲ ಎಣಿಸುತ್ತೇವೆ. ಕಡಿಮೆ ಬಂದರೆ ಕಾರಣ ಅದೇ ಪುಟದಲ್ಲಿ ಬರೆಯುತ್ತೇವೆ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಬರೆಯುತ್ತೇವೆ. ಬೆಳ್ಳಿಹಬ್ಬದ ಕರೆಪತ್ರ ಹಿಡಿದು ಆ ಗುಮಾಸ್ತರ ಮನೆಗೆ ನಾವೇ ಹೋಗಿದ್ದೆವು. ಕಾಫಿ ಕೊಟ್ಟರು, ಬರುತ್ತೇನೆ ಅಂತ ಹೇಳಲಿಲ್ಲ. ಆದರೆ ಬಂದಿದ್ದಾರೆ, ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಅವರು ದಯವಿಟ್ಟು ಮುಂದೆ ಬಂದು ಹಿರಿಯರ ಸಾಲಿನಲ್ಲಿ ಕೂರಬೇಕು ಎಂದು ಎಲ್ಲರೆದುರು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.