'ಇನ್' ಬಂದಲ್ಲೆಲ್ಲ 'ಅಲ್ಲ' ಎಂದಲ್ಲ



ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ 'ಹೈಲಿ ಇನ್‌ಫ್ಲೇಮಬಲ್' ಎಂಬ ದಪ್ಪಕ್ಷರದ ಬರಹವನ್ನು ನೀವು ಓದಿರುತ್ತೀರಿ. 'ಇನ್' ಸೇರಿದರೆ ಅರ್ಥ ತಿರುವುಮುರುವಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ತಪ್ಪು. ಆ ಲೆಕ್ಕದಲ್ಲಿ ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತದ ವಸ್ತು ಎಂದಾಗಬೇಕು. ನಿಜವಾದ ಅರ್ಥ ಇದಕ್ಕೆ ತದ್ವಿರುದ್ಧ: ಸುಲಭವಾಗಿ ಹೊತ್ತಿಕೊಳ್ಳುವಂಥದು.

ಇದೇಕೆ ಹೀಗೆ? ಲ್ಯಾಟಿನ್ ಭಾಷೆಯಲ್ಲಿ 'ಇನ್' ಎಂಬ ಪೂರ್ವಪ್ರತ್ಯಯ ಒಂದಲ್ಲ, ಎರಡು. ರೂಪ ಒಂದೇ, ಹುಟ್ಟು ಬೇರೆ. ಒಂದರ ಅರ್ಥ 'ಅಲ್ಲ'. ಇನ್ನೊಂದರದು 'ಒಳಗೆ'. ಇಂಪೋರ್ಟ್ ಎಂದರೆ ಒಳಗೆ ಹೊತ್ತು ತರುವುದು. ಇನ್‌ಫ್ಲೇಮಬಲ್ ಈ ಎರಡನೆಯ ಮನೆತನದ್ದು. 'ಉರಿ ಹೊತ್ತಿಸು' ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು.

ನಿಷೇಧಾರ್ಥದ 'ಇನ್' ಮುಂದಿನ ಅಕ್ಷರಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ: ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಸಂಧಿ ಬಲ್ಲ ನಮಗೆ ಇದು ಹೊಸದಲ್ಲ. ಜಗತ್ ಮತ್ತು ನಾಥ ಸೇರಿ ಜಗನ್ನಾಥ ಆಗುವುದಿಲ್ಲವೇ?

ಅದರ ಬಂಧುಬಳಗವೂ ದೊಡ್ಡದು. ಇಂಗ್ಲಿಷಿನದೇ ಆದ 'ಅನ್', ಗ್ರೀಕಿನ 'ಅ, ಅನ್', ಸಂಸ್ಕೃತದ 'ಅ, ಅನ್' ಎಲ್ಲವೂ ಒಂದೇ ಬೇರಿನ ಚಿಗುರುಗಳು. ರಕ್ತಹೀನತೆಯನ್ನು ಸೂಚಿಸುವ ಅನೀಮಿಯದ 'ಅನ್', ನಮ್ಮ ಅನಂತದ 'ಅನ್' ದಾಯಾದಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಹೇಳಿದ್ದರು.

ಕನ್ನಡದ ಜಾಯಮಾನ ಬೇರೆ. ನಾವು 'ಅಸಾಧ್ಯ'ದಂಥ ಪದಗಳನ್ನು ಸಂಸ್ಕೃತದಿಂದ ಪಡೆದಿದ್ದೇವೆ. ಅಚ್ಚಗನ್ನಡದಲ್ಲಾದರೋ ನಿಷೇಧ ಬರುವುದು ಕೊನೆಗೆ: ಬಾರದ, ಕಾಣದ, ಆಗದು, ಹೋಗಲಿಲ್ಲ. ಕನ್ನಡಿಗನ ಮಾತನ್ನು ಪೂರ್ತಿ ಕೇಳದೆ ಹೌದೋ ಅಲ್ಲವೋ ತಿಳಿಯದು!

ಪದದ ಗೊಂದಲ ಪ್ರಾಣಕ್ಕೆ ಎರವಾದೀತೆಂದು ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 1920ರ ದಶಕದಲ್ಲೇ 'ಇನ್' ಕೈಬಿಟ್ಟು 'ಫ್ಲೇಮಬಲ್' ಎಂದೇ ಬರೆಯಬೇಕೆಂದು ಒತ್ತಾಯಿಸಿತು. ನಮ್ಮ ರಸ್ತೆಗಳಲ್ಲಿ ಹಳೆಯ ಪದ ಇನ್ನೂ ಓಡಾಡುತ್ತಿದೆ. ಟ್ಯಾಂಕರಿನ ಪಕ್ಕ ನಿಂತು ಬೀಡಿ ಹಚ್ಚುವವನಿಗೆ ಲ್ಯಾಟಿನ್ ವ್ಯಾಕರಣ ಬೇಕಿಲ್ಲ. 'ಬೇಗ ಬೆಂಕಿ ಹತ್ತುತ್ತದೆ, ದೂರವಿರಿ' ಎಂಬ ನಾಲ್ಕಾರು ಕನ್ನಡ ಪದಗಳು ಸಾಕು. ಎಚ್ಚರಿಕೆಯ ಮಾತು, ಎಚ್ಚರ ಬೇಕಾದವನಿಗೆ ಅರ್ಥವಾಗಬೇಕು.