ಕಾರ್ಡ್ ಯಂತ್ರಕ್ಕೆ ಸಹಿ ಹಾಕುವ ಮೊದಲು

(ಹಾಲು ಮಳಿಗೆದಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಾಲಿಗೆ ಲ್ಯಾಕ್ಟೋಮೀಟರ್ ಇಟ್ಟು ನೋಡದೆ ನಾವು ಒಪ್ಪುವುದಿಲ್ಲ. ಆದರೆ ಕಾರ್ಡ್ ಯಂತ್ರದ ಕರಾರಿಗೆ ಓದದೆಯೇ ಸಹಿ ಹಾಕುತ್ತೇವೆ.

ಇಲ್ಲಿ ಖರ್ಚು ಎರಡು ಬಗೆಯದು: ಕಮಿಷನ್ ಮತ್ತು ಬಾಡಿಗೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ, ರೂಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಕಮಿಷನ್ ಇಲ್ಲ. ಉಳಿದ ಡೆಬಿಟ್ ಕಾರ್ಡುಗಳನ್ನು ಯಂತ್ರದಲ್ಲಿ ಉಜ್ಜಿದರೆ, ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಅಂಗಡಿಯಿಂದ ನೂರಕ್ಕೆ 40 ಪೈಸೆಗಿಂತ ಹೆಚ್ಚು ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2018ರಿಂದ ಜಾರಿಯಾಗುವಂತೆ ಮಿತಿ ಹಾಕಿತು. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ಚೌಕಾಶಿ ಮಾಡಬೇಕಾದದ್ದು ಅಲ್ಲಿಯೇ.

ಕಮಿಷನ್ನಿಗಿಂತ ಬಾಡಿಗೆಯೇ ಭಾರವಾಗುವುದುಂಟು. ಬಾಡಿಗೆ ತಿಂಗಳಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಕಾರ್ಡಿನಲ್ಲಿ 10,000 ರೂಪಾಯಿ ವ್ಯಾಪಾರವಾದರೆ ಬಾಡಿಗೆಯೊಂದೇ ನೂರಕ್ಕೆ 4 ರೂಪಾಯಿ ಆಯಿತು. ಅದರ ಮೇಲೆ ಕಮಿಷನ್ ಬೇರೆ. ಹಾಲಿನ ಲಾಭಾಂಶದಲ್ಲಿ ನಮಗೆ ಉಳಿಯುವುದೇನು?

ಆದ್ದರಿಂದ ಮೊದಲು ಒಂದು ತಿಂಗಳು, ಕಾರ್ಡ್ ಕೇಳುವ ಗಿರಾಕಿಗಳೆಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಅರ್ಧ ಲೀಟರ್ ಹಾಲು ಕೊಳ್ಳುವವರೇ ಹೆಚ್ಚಾದರೆ ಕ್ಯೂಆರ್ ಹಲಗೆ ಸಾಕು. ಮದುವೆಗೆ ತುಪ್ಪ, ಪೇಡ ಒಯ್ಯುವವರಿದ್ದರೆ ಯಂತ್ರದ ಯೋಚನೆ ಮಾಡಿ.

ಆಗ ಮೂರು ಪ್ರಶ್ನೆ ಕೇಳಿ. ಹಣ ಖಾತೆಗೆ ಯಾವ ದಿನ ಬರುತ್ತದೆ? ರಜಾ ದಿನದಲ್ಲೂ ಬರುತ್ತದೆಯೇ? ಯಂತ್ರ ಬೇಡವೆಂದರೆ ಎಷ್ಟು ಕಟ್ಟಬೇಕು? ಮರುದಿನದ ಹಾಲಿಗೆ ಹಣ ಹೊಂದಿಸಬೇಕಾದ ನಮಗೆ ಮೊದಲ ಪ್ರಶ್ನೆಯೇ ಮುಖ್ಯ.

ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತನ್ನು ಸಾಬೀತುಪಡಿಸುವುದು ಕಷ್ಟ.