ಎರಡು ಭಾಷೆಯ ಚಿಪ್ಪು, ಒಂದು ಗುರುತು

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನ್ನ ಕೆಲಸದ ಬಗ್ಗೆ ಮಾತಾಡಲು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ಯಂತ್ರದೊಳಗಿನ ಚಿಪ್ಪಿಗೆ ಆದೇಶ ಬರೆಯುವುದು ನನ್ನ ಕೆಲಸ. ಮುಧೋಳ, ಬೀಳಗಿ ಕಡೆಯ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ ಇರುವವರಿಗೆಲ್ಲ ಗೊತ್ತು: ಬಾವಿಯಲ್ಲಿ ನೀರು ತಳ ಕಂಡ ಮೇಲೂ ಮೋಟರ್ ಓಡಿದರೆ ಅದು ಸುಟ್ಟುಹೋಗುತ್ತದೆ. ನೀರು ಇಳಿದ ಕೂಡಲೇ ಮೋಟರ್ ನಿಲ್ಲಿಸುವ ಪೆಟ್ಟಿಗೆಯೊಂದನ್ನು ನಮ್ಮ ತಂಡ ಮಾಡುತ್ತಿತ್ತು.

ಅದರಲ್ಲಿದ್ದದ್ದು ಆರ್ಮ್ ಜಾತಿಯ ಚಿಪ್ಪು. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ರೂಪಿಸಿದ ಈ ಜಾತಿಯ ಮೊದಲ ಚಿಪ್ಪು ನಡೆದದ್ದು 1985ರಲ್ಲಿ. ನಿಮ್ಮ ಮೊಬೈಲುಗಳಲ್ಲೂ ಇದೇ ವಂಶ. ಮೊದಲು ಇದರ ಒಂದೊಂದು ಆದೇಶವೂ 32 ಬಿಟ್ ಉದ್ದ. ಮುಂದೆ ಜಾಗ ಉಳಿಸಲು 16 ಬಿಟ್‌ನ ‘ಥಂಬ್’ ಎಂಬ ಗಿಡ್ಡ ಆದೇಶಗಳನ್ನೂ ಸೇರಿಸಿದರು. ನಮ್ಮ ಚಿಪ್ಪಿಗೆ ಎರಡೂ ಭಾಷೆ ಬರುತ್ತಿತ್ತು.

ಮೆಮೊರಿ ತುಂಬಿದ್ದರಿಂದ ಕಾರ್ಯಕ್ರಮವನ್ನು ಥಂಬ್‌ಗೆ ಬದಲಿಸಿದೆವು. ಗಾತ್ರ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಹೊಲದ ಪರೀಕ್ಷೆಯಲ್ಲಿ ಮಾತ್ರ ನೀರು ಇಳಿದರೂ ಮೋಟರ್ ನಿಲ್ಲಲಿಲ್ಲ. ವೈರು ಸರಿಯಿಲ್ಲ ಎಂದರು ಕೆಲವರು. ಥಂಬ್ ಬೇಡವೇ ಬೇಡ, ಹಿಂದಕ್ಕೆ ಹೋಗೋಣ ಎಂದರು ಹಲವರು. ಹಿಂದಕ್ಕೆ ಹೋದರೆ ಪೆಟ್ಟಿಗೆ ನಡೆಯುತ್ತಿತ್ತು. ಅಂದರೆ ವೈರಿನ ತಪ್ಪಲ್ಲ.

ಆಗ 16 ಫೈಲುಗಳಲ್ಲಿ ಅರ್ಧವನ್ನು ಮಾತ್ರ ಥಂಬ್‌ನಲ್ಲಿಟ್ಟು ನೋಡಿದೆವು. ತಪ್ಪು ಯಾವ ಅರ್ಧದಲ್ಲಿ ಕಂಡಿತೋ ಅದನ್ನು ಮತ್ತೆ ಅರ್ಧ ಮಾಡಿದೆವು. ನಾಲ್ಕೇ ಪರೀಕ್ಷೆಗೆ ಒಂದು ಫೈಲು ಸಿಕ್ಕಿತು: ಮೋಟರ್ ನಿಲ್ಲಿಸುವ ಫೈಲು. ಅಲ್ಲಿಗೆ ಹೋಗುವ ಕ್ಷಣದಲ್ಲಿ ಚಿಪ್ಪನ್ನು ತಡೆದು ಅದರ ಸ್ಥಿತಿ ನೋಡಿದೆವು. ಫೈಲು ಥಂಬ್‌ನಲ್ಲಿತ್ತು, ಚಿಪ್ಪು ಮಾತ್ರ ಹಳೆಯ ಭಾಷೆಯಲ್ಲಿ ಓದುತ್ತಿತ್ತು. ಎರಡು ಗಿಡ್ಡ ಆದೇಶಗಳನ್ನು ಕೂಡಿಸಿ ಒಂದು ಉದ್ದ ಆದೇಶವೆಂದು ತಿಳಿಯುತ್ತಿತ್ತು!

ಕಾರಣ ಇಷ್ಟೇ. ಆದೇಶಗಳ ವಿಳಾಸ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಅದರ ಕೊನೆಯ ಬಿಟ್ ಖಾಲಿ ಇರುತ್ತದೆ. ಅಲ್ಲಿ 1 ಇದ್ದರೆ ಮುಂದಿನದು ಥಂಬ್, 0 ಇದ್ದರೆ ಹಳೆಯದು. ಕಂಪೈಲರ್ ಈ ಗುರುತನ್ನು ತಾನೇ ಹಾಕುತ್ತದೆ. ಆದರೆ ನಿಲ್ಲಿಸುವ ಕೆಲಸದ ವಿಳಾಸ ಕೈಯಿಂದ ಬರೆದ ಒಂದು ಪಟ್ಟಿಯಲ್ಲಿತ್ತು. ಅಲ್ಲಿ ಆ 1 ಇರಲಿಲ್ಲ. ‘ಇದು ಥಂಬ್’ ಎಂದು ಒಂದು ಸಾಲು ಸೇರಿಸಿದೆವು. ನೀರು ಇಳಿಯಿತು, ಮೋಟರ್ ನಿಂತಿತು.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದು ಹೊಸದಲ್ಲ. ಹಳೆಯ ಹಾಸಿಗೆ ಹೊಸ ಹಾಸು ಕೂಡಿಸುವಾಗ ಒಂದು ಎಳೆ ತಪ್ಪಿದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಅದಕ್ಕಾಗಿ ಯಾರೂ ಮಗ್ಗ ಮಾರುವುದಿಲ್ಲ. ಕೂಡಿಸಿದ ಜಾಗ ನೋಡುತ್ತಾರೆ.

ಮಕ್ಕಳೇ, ಇಲ್ಲಿ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಜಮಖಂಡಿಯಲ್ಲೋ ಮತ್ತೆಲ್ಲೋ ಪಿಯುಸಿ ವಿಜ್ಞಾನ ಸೇರಿದಾಗ ನೀವೂ ಭಾಷೆ ಬದಲಿಸುತ್ತೀರಿ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ‘ನನಗೆ ತಲೆ ಇಲ್ಲ’ ಎಂದು ಕಾಲೇಜು ಬಿಡಬೇಡಿರಿ. ವೇಗೋತ್ಕರ್ಷವೇ ಆ್ಯಕ್ಸಿಲರೇಶನ್ ಎಂದು ತಿಳಿಯದೆ ಲೆಕ್ಕ ತಪ್ಪಿರಬಹುದು. ಎಲ್ಲಿ ತಪ್ಪಿತೆಂದು ಅರ್ಧರ್ಧ ಮಾಡಿ ಹುಡುಕಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಹತ್ತನೆಯ ಪರೀಕ್ಷೆ ಮುಗಿದ ರಜೆಯಲ್ಲಿ ಈ ಪದಗಳನ್ನು ಮಕ್ಕಳಿಗೆ ಹೇಳಿಕೊಡೋಣ. ನಾನು ಬರುತ್ತೇನೆ, ನೀವೂ ಬನ್ನಿರಿ.